ಮೈನಸ್ ಮರೆತರೆ ಹೋಗೋದು ಮಾರ್ಕು ಮಾತ್ರವೇ?



ದರ್ಪಣದ ಲೆಕ್ಕ ಅಂದ್ರೆ ನಮ್ಮಲ್ಲಿ ಹಲವರಿಗೆ ಸೂತ್ರ ಉರು ಹೊಡೆಯೋದು ಅಷ್ಟೇ:

1/ಪ್ರತಿಬಿಂಬ ದೂರ + 1/ವಸ್ತು ದೂರ = 1/ಸಂಗಮ ದೂರ

ಕಿರುಪರೀಕ್ಷೆಯಲ್ಲಿ ನಾನೂ ಹಾಗೇ ಬರೆದೆ. ವಸ್ತು ದೂರಕ್ಕೆ ಮೈನಸ್ ಹಾಕಲಿಲ್ಲ, ಅಂಕ ಹೋಯಿತು. ಒಂದು ಪುಟ್ಟ ಗೆರೆಗೆ ಇಷ್ಟು ಶಿಕ್ಷೆಯಾ ಅಂತ ಸಿಟ್ಟು ಬಂದಿತ್ತು. ಈಗ ನನ್ನ ಅಭಿಪ್ರಾಯ ಬೇರೆ. ಈ ಲೆಕ್ಕವನ್ನು ನಾವು ರಸ್ತೆ ನೋಡಿ ಕಲಿಯಬೇಕು.

ಯಲಹಂಕದ ಕಡೆ ಬಳ್ಳಾರಿ ರಸ್ತೆಯಲ್ಲಿ ಲಾರಿ, ಬಸ್ಸುಗಳ ಪಕ್ಕದ ಕನ್ನಡಿ ಎಲ್ಲರೂ ನೋಡಿದ್ದೀರಿ. ಅದು ಪೀನ ದರ್ಪಣ. ಅದರ ಸಂಗಮ ದೂರ 1 ಮೀಟರ್ ಎಂದಿಟ್ಟುಕೊಳ್ಳೋಣ. ಬಸ್ಸಿನ ಹಿಂದೆ, ಕನ್ನಡಿಯಿಂದ 9 ಮೀಟರ್ ದೂರದಲ್ಲಿ ನೀವು ಸೈಕಲ್ ಮೇಲೆ ಬರ್ತಿದ್ದೀರಿ. ನೀವು ಕನ್ನಡಿಯ ಮುಂದೆ ಇರುವುದರಿಂದ ವಸ್ತು ದೂರ –9. ಆಗ,

1/ಪ್ರತಿಬಿಂಬ ದೂರ = 1 + 1/9 = 10/9

ಅಂದರೆ ಪ್ರತಿಬಿಂಬ ಕನ್ನಡಿಯ ಹಿಂಬದಿಗೆ 0.9 ಮೀಟರ್‌ನಲ್ಲಿ ಇರುತ್ತದೆ. ಮೈನಸ್ ಮರೆತರೆ 1.125 ಬರುತ್ತದೆ. ಆದರೆ ಪೀನ ದರ್ಪಣದ ಪ್ರತಿಬಿಂಬ ಸಂಗಮ ಬಿಂದುವನ್ನು, ಇಲ್ಲಿ 1 ಮೀಟರನ್ನು, ದಾಟುವುದೇ ಇಲ್ಲ! ಮೊದಲು ಚಿತ್ರ ಬರೆದಿದ್ದರೆ ನನ್ನ ತಪ್ಪು ಅಲ್ಲೇ ಸಿಕ್ಕಿಬೀಳ್ತಿತ್ತು.

ಇನ್ನೊಂದು ಲೆಕ್ಕ ನೋಡಿ. ನೀವು 99 ಮೀಟರ್ ದೂರದಲ್ಲಿದ್ದಾಗ ಪ್ರತಿಬಿಂಬ 0.99 ಮೀಟರ್‌ನಲ್ಲಿತ್ತು. ನೀವು 90 ಮೀಟರ್ ಹತ್ತಿರ ಬಂದರೂ ಅದು ಸರಿದದ್ದು ಬರೀ 9 ಸೆಂಟಿಮೀಟರ್! ಅಷ್ಟು ಹತ್ತಿರ ಬಂದ ಮೇಲೂ 150 ಸೆಂಟಿಮೀಟರ್ ಎತ್ತರದ ಹುಡುಗನ ಪ್ರತಿಬಿಂಬ 15 ಸೆಂಟಿಮೀಟರ್ ಮಾತ್ರ. ಡ್ರೈವರ್ ಅಣ್ಣನಿಗೆ "ಇನ್ನೂ ದೂರ ಇದ್ದಾನೆ ಬಿಡು" ಅನ್ನಿಸಬಹುದು. ಹಾಗಂತ ಕನ್ನಡಿಯನ್ನು ಬೈಯಬಾರದು. ಹೆಚ್ಚು ಅಗಲ ರಸ್ತೆ ಕಾಣಲಿ ಅಂತಲೇ ಅದನ್ನು ಉಬ್ಬಿಸಿರುತ್ತಾರೆ. ಹುಷಾರಾಗಿರಬೇಕಾದವರು ನಾವು.

ಗುರುಗಳಲ್ಲಿ ನನ್ನ ಮನವಿ ಇಷ್ಟೇ. ಸೂತ್ರಕ್ಕೆ ಮೊದಲು ಕಿರಣಗಳ ಚಿತ್ರ ಬರೆಸಿ. ಒಂದು ದಿನ ಶಾಲೆಯ ಅಂಗಳದಲ್ಲಿ ಬೈಕ್ ನಿಲ್ಲಿಸಿ, ಟೇಪು ಹಿಡಿದು, ಅದರ ಕನ್ನಡಿಯಲ್ಲಿ ಒಬ್ಬೊಬ್ಬರನ್ನೂ ದೂರದಿಂದ ನಡೆಸಿ ತೋರಿಸಿ. ಆಮೇಲೆ ಮೈನಸ್ ಯಾರೂ ಮರೆಯೋದಿಲ್ಲ.

ಗೆಳೆಯರೇ, ಬಸ್ಸಿನ ಹಿಂದೆ ಒತ್ತಿಕೊಂಡು ಸೈಕಲ್ ತುಳಿಯಬೇಡಿ. ಕನ್ನಡಿಯೊಳಗೆ ನಾವೆಲ್ಲ ತುಂಬಾ ಚಿಕ್ಕವರು.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ