ಮೊಬೈಲೆಂಬ ಪಾಟಿ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಈ ಸಂಚಿಕೆಯ ವಾಚಕರೆಲ್ಲರೂ ಬಲ್ಲರು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಆ ಬ್ರಾಹ್ಮೀ ಅಕ್ಷರಗಳನ್ನು ಕಡೆದವನಿಗೆ ಒಂದು ಸಂಕಟವಿತ್ತು. ಉಳಿ ತಪ್ಪಿ ಬಿದ್ದರೆ ಅಕ್ಷರವನ್ನು ಅಳಿಸುವ ಉಪಾಯವಿರಲಿಲ್ಲ. ತಾಳೆಗರಿಯ ಲಿಪಿಕಾರನ ಪಾಡೂ ಹೆಚ್ಚುಕಡಿಮೆ ಅದೇ. ಅಳಿಸಿ, ತಿದ್ದಿ, ಮತ್ತೆ ಬರೆಯುವ ಭಾಗ್ಯವು ಪಾಟಿ ಬಳಪ ಹಿಡಿದ ಬಾಲಕನಿಗೆ ಮಾತ್ರ ದೊರೆತಿತ್ತು. ಅಕ್ಷರಾಭ್ಯಾಸವೆಂದರೆ ತಿದ್ದುವುದೇ ಆದುದರಿಂದ ಶಾಲೆಯಲ್ಲಿ ಪಾಟಿಗೆ ಅಷ್ಟೊಂದು ಮನ್ನಣೆ.

ಇಂದು ಬಾಲಕರ ಕೈಯಲ್ಲಿ ಪಾಟಿಯಿಲ್ಲ, ಮೊಬೈಲು ಇದೆ. 2020ರಲ್ಲಿ ಕೋವಿಡ್ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠ ಕೇಳುವುದಕ್ಕೆಂದೇ ಅದು ಅನೇಕ ಬಡವರ ಮನೆಗಳನ್ನು ಪ್ರವೇಶಿಸಿತು. ವ್ಯಾಧಿ ಹೋಯಿತು, ಮೊಬೈಲು ಉಳಿಯಿತು. ಗಂಗಾವತಿಯ ಗದ್ದೆಬಯಲಿನಲ್ಲಾಗಲಿ, ಕುಷ್ಟಗಿ ಯಲಬುರ್ಗಾಗಳ ಎರೆಹೊಲದ ಹಳ್ಳಿಗಳಲ್ಲಾಗಲಿ ಕಂಪ್ಯೂಟರಿಲ್ಲದ ಮನೆಯಲ್ಲಿಯೂ ಮೊಬೈಲು ಉಂಟು. ಆದರೆ ಅದು ನೋಡುವ, ಕೇಳುವ ಸಾಧನವಾಗಿದೆಯೇ ಹೊರತು ಬರೆಯುವ ಸಾಧನವಾಗಿಲ್ಲ. ಅದನ್ನು ಕಂಡರೆ ಅಧ್ಯಾಪಕರ ಹುಬ್ಬು ಗಂಟಿಕ್ಕುವುದು ಇದೇ ಕಾರಣದಿಂದ, ಮತ್ತು ಆ ಕೋಪ ನ್ಯಾಯವಾದದ್ದೇ. ಆದರೂ ಅದೇ ಯಂತ್ರವನ್ನು ತಿದ್ದಿ ಬರೆಯುವ ಪಾಟಿಯನ್ನಾಗಿ ಮಾಡಿಕೊಳ್ಳುವ ಒಂದು ಮಾರ್ಗವಿದೆ. ಅದನ್ನು ಪರೀಕ್ಷಿಸದೆ ತಳ್ಳಿಹಾಕುವುದು ವಿವೇಕವಲ್ಲ.

ಆಂಡ್ರಾಯ್ಡ್ ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಚಿತ್ರಗಳಿಲ್ಲದ ಒಂದು ಕಪ್ಪು ಪರದೆ ತೆರೆಯುತ್ತದೆ. ಇದೇ ಟರ್ಮಿನಲ್. ಇಲ್ಲಿ ಬೆರಳಿನಿಂದ ಚಿತ್ರಗಳನ್ನು ಒತ್ತುವಂತಿಲ್ಲ. ಮಾತಿನಿಂದಲೇ ಆಜ್ಞೆ ಕೊಡಬೇಕು. ಈ ಪರದೆಯೊಳಗೆ ವಿಮ್ ಎಂಬ ಬರೆಹದ ತಂತ್ರಾಂಶವನ್ನು ಬೆಲೆಯಿಲ್ಲದೆ ತರಿಸಿಕೊಳ್ಳಬಹುದು. ಒಮ್ಮೆ ತರಿಸಿಕೊಂಡ ಮೇಲೆ ಇಂಟರ್‌ನೆಟ್ಟಿನ ಹಂಗಿಲ್ಲ. ಟವರು ಸಿಗದ ಹೊಲದ ಬದುವಿನಲ್ಲಿ ಕುಳಿತೂ ಬರೆಯಬಹುದು.

ವಿಮ್‌ನ ಪೂರ್ವಿಕನ ಹೆಸರು ವಿ.ಐ. ಇದನ್ನು 1976ರ ಸುಮಾರಿಗೆ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ರಚಿಸತೊಡಗಿದನು. ಮನೆಯಿಂದ ಅವನು ಬಳಸುತ್ತಿದ್ದ ದೂರವಾಣಿಯ ತಂತಿಯಲ್ಲಿ ಕ್ಷಣಕ್ಕೆ ಮೂವತ್ತು ಅಕ್ಷರಗಳು ಹರಿದರೆ ಹೆಚ್ಚು. ಅವನ ಕೀಲಿಮಣೆಯಲ್ಲಿ ಬಾಣದ ಕೀಲಿಗಳು ಪ್ರತ್ಯೇಕವಾಗಿರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣಗಳನ್ನು ಮುದ್ರಿಸಿದ್ದರು. ಆದುದರಿಂದಲೇ ವಿಮ್‌ನಲ್ಲಿ ಇಂದಿಗೂ ಆ ನಾಲ್ಕು ಅಕ್ಷರಗಳು ಎಡಕ್ಕೆ, ಕೆಳಗೆ, ಮೇಲೆ, ಬಲಕ್ಕೆ ಒಯ್ಯುತ್ತವೆ. ಸಾಧನದ ಬಡತನದಿಂದ ಆಜ್ಞೆಯ ಸಂಕ್ಷೇಪ ಹುಟ್ಟಿತು. ಸಣ್ಣ ಪರದೆಯ, ಬಾಣದ ಕೀಲಿಗಳಿಲ್ಲದ ಮೊಬೈಲಿಗೆ ಆ ಹಳೆಯ ಮಿತವ್ಯಯವೇ ಒಗ್ಗಿಬಂದುದು ವಿಚಿತ್ರವಲ್ಲವೆ?

ಈ ಆಜ್ಞೆಗಳಿಗೆ ಒಂದು ವ್ಯಾಕರಣವಿದೆ. ಗಣಿತದ ಅಧ್ಯಾಪಕರಿಗಿಂತ ಕನ್ನಡದ ಪಂಡಿತರೇ ಇದನ್ನು ಸೊಗಸಾಗಿ ಬೋಧಿಸಬಲ್ಲರು. ಡಿ ಎಂದರೆ ಅಳಿಸು, ವೈ ಎಂದರೆ ಪ್ರತಿಮಾಡು, ಸಿ ಎಂದರೆ ಬದಲಿಸು, ಇವು ಕ್ರಿಯಾಪದಗಳು. ಡಬ್ಲ್ಯು ಎಂದರೆ ಪದ, ಇದು ಕರ್ಮ. ನಡುವೆ ಸಂಖ್ಯಾವಾಚಕ. ಡಿ, 3, ಡಬ್ಲ್ಯು ಎಂದು ಒತ್ತಿದರೆ “ಮೂರು ಪದಗಳನ್ನು ಅಳಿಸು” ಎಂಬ ಪೂರ್ಣ ವಾಕ್ಯವಾಯಿತು. ಮೂರು ಕ್ರಿಯೆ, ನಾಲ್ಕು ಕರ್ಮಗಳನ್ನು ಅರಿತವನು ಹನ್ನೆರಡು ವಾಕ್ಯಗಳನ್ನು ತಾನಾಗಿಯೇ ಕಟ್ಟುತ್ತಾನೆ, ಬಾಯಿಪಾಠದ ಅಗತ್ಯವಿಲ್ಲ. ಇನ್ನೂ ಸ್ವಾರಸ್ಯವಾದುದು ಬಿಂದುವಿನ ಕೀಲಿ. ಅದನ್ನು ಒತ್ತಿದರೆ ಹಿಂದೆ ಮಾಡಿದ ತಿದ್ದುಪಡಿಯೇ ಹೊಸ ಸ್ಥಳದಲ್ಲಿ ಮತ್ತೆ ನಡೆಯುತ್ತದೆ. ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಕ್ಕೆ ಹರಿದುಬರುವುದನ್ನು ಪಾಣಿನೀಯರು ಅನುವೃತ್ತಿಯೆನ್ನುವರು. ಆ ಲಕ್ಷಣವನ್ನು ವಿದ್ಯಾರ್ಥಿಗೆ ತಿಳಿಯಹೇಳಲು ಇದಕ್ಕಿಂತ ಸುಲಭವಾದ ದೃಷ್ಟಾಂತ ದೊರೆಯುವುದು ಕಷ್ಟ.

ಆರಂಭವು ಮಾತ್ರ ಸುಖಕರವಲ್ಲ. ವಿಮ್ ತೆರೆದೊಡನೆ ಬರೆಯಹೋದರೆ ಅಕ್ಷರಗಳು ಮೂಡುವುದಿಲ್ಲ, ಏಕೆಂದರೆ ಅದು ಆಜ್ಞೆಯ ಸ್ಥಿತಿಯಲ್ಲಿರುತ್ತದೆ. ಐ ಒತ್ತಿದರೆ ಬರೆಯುವ ಸ್ಥಿತಿ. ಎಸ್ಕೇಪ್ ಒತ್ತಿದರೆ ಮತ್ತೆ ಆಜ್ಞೆಯ ಸ್ಥಿತಿ. ಮೊಬೈಲಿನ ಸಾಮಾನ್ಯ ಕೀಲಿಮಣೆಯಲ್ಲಿ ಎಸ್ಕೇಪ್ ಇರುವುದೇ ಇಲ್ಲ. ಟರ್ಮಕ್ಸ್‌ನವರು ಅದನ್ನರಿತು ಕೀಲಿಮಣೆಯ ಮೇಲೆ ಎಸ್ಕೇಪ್, ಕಂಟ್ರೋಲ್ ಮುಂತಾದವುಗಳ ಒಂದು ಸಾಲನ್ನು ಇರಿಸಿದ್ದಾರೆ. ಧ್ವನಿ ತಗ್ಗಿಸುವ ಗುಂಡಿಯೂ ಕಂಟ್ರೋಲ್ ಕೀಲಿಯಂತೆ ದುಡಿಯುತ್ತದೆ. ಇಷ್ಟಾದರೂ ಹೆಬ್ಬೆರಳಿನಿಂದ ಬಹಳ ಹೊತ್ತು ಬರೆಯುವುದು ಶಿಕ್ಷೆಯೇ ಸರಿ. ಒಂದು ಸಣ್ಣ ಓಟಿಜಿ ತಂತಿಯ ಮೂಲಕ ಹೊರಗಿನ ಕೀಲಿಮಣೆಯನ್ನು ಜೋಡಿಸಿದರೆ ಮೊಬೈಲು ಪುಟ್ಟ ಕಂಪ್ಯೂಟರಿನಂತೆ ವರ್ತಿಸತೊಡಗುತ್ತದೆ.

ಇನ್ನು ಕನ್ನಡದ ಪ್ರಶ್ನೆ. ಕೊಪಣವನ್ನು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿದ್ದು ಕವಿರಾಜಮಾರ್ಗ. ಆ ನಾಡಿನಲ್ಲಿ ಈ ಪ್ರಶ್ನೆಯನ್ನು ಮರೆಮಾಚುವುದು ಸಲ್ಲದು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿ ಸ್ಥಾನ ಪಡೆಯಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಿಂದಲೂ, ನುಡಿ ಬರಹಗಳಂಥ ತಂತ್ರಾಂಶಗಳಿಂದಲೂ ಬೆರಳಚ್ಚು ಸುಲಭವಾಯಿತು. ಆದರೆ ಟರ್ಮಿನಲ್ಲಿನ ಪರದೆಯು ಚೌಕುಳಿ ಹಾಳೆಯಂತೆ. ಅಕ್ಷರಕ್ಕೊಂದು ಸಮನಾದ ಮನೆ. ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಅಕ್ಕಪಕ್ಕಕ್ಕೆ ಚಾಚುವ ಗುಣಿತವೂ ಕೆಳಗಿಳಿಯುವ ಒತ್ತಕ್ಷರವೂ ಆ ಮನೆಗೆ ಹಿಡಿಸುವುದಿಲ್ಲ. ಅಲ್ಲದೆ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳೇ ಆದುದರಿಂದ ಕನ್ನಡದ ಕೀಲಿಮಣೆಯನ್ನು ಬದಲಿಸಲು ಮರೆತು ಆಜ್ಞೆಯಿತ್ತರೆ ವಿಮ್‌ಗೆ ಏನೂ ತಿಳಿಯದು. ಬರೆಯುವ ಸ್ಥಿತಿಗೆ ಮಾತ್ರ ಕನ್ನಡವನ್ನು ಅಳವಡಿಸುವ ಕೀಮ್ಯಾಪ್ ಎಂಬ ಸೌಕರ್ಯ ಅದರಲ್ಲಿದ್ದರೂ ಅದು ಪಳಗಿದವರ ಕೆಲಸ. ಆದುದರಿಂದ ಪ್ರಬಂಧವನ್ನೋ ಪತ್ರವನ್ನೋ ಕನ್ನಡದಲ್ಲಿ ಬರೆಯತಕ್ಕವರು ಬೇರೆ ತಂತ್ರಾಂಶವನ್ನು ಬಳಸುವುದೇ ಮೇಲು.

ಹಾಗಿದ್ದರೆ ಈ ಶ್ರಮವೇಕೆ ಎಂದು ದಾನಿಗಳು ಕೇಳಬಹುದು. ಪಾಲಿಟೆಕ್ನಿಕ್‌ಗೋ ಇಂಜಿನಿಯರಿಂಗ್ ಕಾಲೇಜಿಗೋ ಹೋಗುವ ಹಳ್ಳಿಯ ವಿದ್ಯಾರ್ಥಿಯು ಪ್ರೋಗ್ರಾಂ ಬರೆಯುವುದನ್ನು ಅಲ್ಲಿಯೇ ಮೊದಲ ಬಾರಿಗೆ ಕಾಣುತ್ತಾನೆ. ಪಟ್ಟಣದ ಸಹಪಾಠಿಗೆ ಅದು ಮನೆಯ ಮೇಜಿನ ಮೇಲಿನ ಆಟವಾಗಿರುತ್ತದೆ. ಟರ್ಮಕ್ಸ್‌ನಲ್ಲಿ ಪೈಥಾನ್ ಭಾಷೆಯನ್ನು ಹಾಕಿಕೊಂಡು, ವಿಮ್‌ನಲ್ಲಿ ಬರೆದು, ಅಲ್ಲಿಯೇ ನಡೆಸಿ, ತಪ್ಪು ಕಂಡು ತಿದ್ದಿದವನಿಗೆ ಆ ಅಂತರ ಅಷ್ಟು ಭಯಂಕರವಾಗಿ ತೋರದು. ದೊಡ್ಡ ಸಂಸ್ಥೆಗಳ ಸರ್ವರುಗಳ ಮೇಲೆ ಕೆಲಸ ಮಾಡುವವರು ಬಳಸುವುದೂ ಇಂಥದೇ ಕಪ್ಪು ಪರದೆಯನ್ನು. ಅಂದರೆ ಇದು ಬಡವರಿಗೆಂದು ಮಾಡಿದ ಅಗ್ಗದ ನಕಲಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. 1991ರಲ್ಲಿ ವಿಮ್ ಅನ್ನು ಹೊರತಂದ ನೆದರ್‌ಲ್ಯಾಂಡಿನ ಬ್ರಾಮ್ ಮೂಲೆನಾರ್ ಅದಕ್ಕೆ ಬೆಲೆ ಇಡಲಿಲ್ಲ. ಬಳಸಿ ಸಂತೋಷಪಟ್ಟವರು ಉಗಾಂಡದ ಕಿಬಾಲೆಯ ಅನಾಥ ಮಕ್ಕಳ ನೆರವಿಗೆ ಕೈಲಾದುದನ್ನು ಕೊಡಲಿ ಎಂದಷ್ಟೇ ಕೋರಿದರು. 2023ರಲ್ಲಿ ಅವರು ತೀರಿಕೊಂಡರು. ತಂತ್ರಾಂಶವನ್ನು ತೆರೆದಾಗ ಆ ಕೋರಿಕೆ ಇಂದಿಗೂ ಪರದೆಯ ಮೇಲೆ ಕಾಣುತ್ತದೆ. ದಾಸೋಹದ ನಾಡಿನ ಜನರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಶಾಲೆಗೆ ಇದರಿಂದ ಬೀಳುವ ಹೊರೆ ಅಲ್ಪ. ಹೊಸ ಕೊಠಡಿ ಬೇಡ. ಹತ್ತಿಪ್ಪತ್ತು ಕೀಲಿಮಣೆಗಳು, ಅಷ್ಟೇ ತಂತಿಗಳು ಸಾಕು. ವಿಮ್‌ನೊಂದಿಗೆ ಬರುವ ವಿಮ್‌ಟ್ಯೂಟರ್ ಎಂಬ ಪಾಠಮಾಲೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದೆಂದು ರಚಿಸಿದ್ದಾರೆ. ಹೊಸಬರಿಗೆ ಅದನ್ನು ನಾಲ್ಕು ದಿನಕ್ಕೆ ಹಂಚುವುದು ಲೇಸು. ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಬರೆದು ಹಂಚುವ ಕೆಲಸವನ್ನು ಅಧ್ಯಾಪಕರು ವಹಿಸಿಕೊಳ್ಳಬೇಕು. ಅದಕ್ಕೆ ಮುಂಚೆ ತಾವೇ ಒಮ್ಮೆ ಕಲಿಯಬೇಕು. ವಿದ್ಯಾರ್ಥಿಗಳೆದುರು ತಪ್ಪುವುದಕ್ಕೆ ಅವರು ಹಿಂಜರಿಯಬಾರದು. ಯು ಒತ್ತಿದರೆ ತಪ್ಪು ಹಿಂದಕ್ಕೆ ಹೋಗುತ್ತದೆ. ಮೊದಲನೆಯ ದಿನ ಬರೆಯುವುದನ್ನು ಕಲಿಸದೆ ಹೊರಬರುವುದನ್ನೇ ಕಲಿಸುವುದು ಉಚಿತ. ಎಸ್ಕೇಪ್ ಒತ್ತಿ, ವಿವರಣ ಚಿಹ್ನೆಯ ಎರಡು ಚುಕ್ಕೆ, ಕ್ಯು, ಆಶ್ಚರ್ಯಸೂಚಕ ಚಿಹ್ನೆ, ಕೊನೆಗೆ ಎಂಟರ್. ದಾರಿ ಕಾಣದೆ ಅದರೊಳಗೆ ಸಿಕ್ಕಿಬಿದ್ದವರು ಜಗತ್ತಿನಲ್ಲೆಲ್ಲ ಇದ್ದಾರೆ.