ಸ್ಕ್ಯಾನ್ ರಿಪೋರ್ಟು ಜಾತಕವಲ್ಲ

ಹುಟ್ಟುವಾಗ ಮಿದುಳಿಗೆ ಪೆಟ್ಟಾದ ಮಗುವನ್ನು ಶಾಲೆಗೆ ಸೇರಿಸಲು ಬರುವ ಅಪ್ಪ ಅಮ್ಮನ ಕೈಯಲ್ಲಿ ದೊಡ್ಡದೊಂದು ಲಕೋಟೆ ಇರುತ್ತದೆ. ಒಳಗೆ ಎಂಆರ್‌ಐ ಫಿಲ್ಮು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪುಟ. ಆ ಪುಟವನ್ನು ಜಾತಕ ಓದಿದ ಹಾಗೆ ಓದಿ "ಇವನಿಗೆ ವಿದ್ಯೆ ಹತ್ತಲಿಕ್ಕಿಲ್ಲ" ಎನ್ನುವವರು ಬೇಕಾದಷ್ಟು ಮಂದಿ.

ಸ್ಕ್ಯಾನ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಉಸಿರುಕಟ್ಟಿ ಹುಟ್ಟಿದ ಕೂಸಿನ ಮಿದುಳಿನ ಆಳದಲ್ಲಿ, ಥಲಾಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾ ಇರುವಲ್ಲಿ, ತೀವ್ರ ಹಾನಿ ಕಂಡರೆ ಮುಂದೆ ಸೆರೆಬ್ರಲ್ ಪಾಲ್ಸಿ ಬರುವ ಸಂಭವ ಬಹಳ. ದೊಡ್ಡ ರಕ್ತನಾಳಗಳ ಹರವು ಒಂದಕ್ಕೊಂದು ತಾಗುವ ಅಂಚಿನಲ್ಲಿ ಹಾನಿಯಾದರೆ ಕತೆ ಬೇರೆ. ಮಗು ಸರಿಯಾಗಿ ನಡೆಯಬಹುದು, ಎರಡು ವರ್ಷಕ್ಕೆ "ಎಲ್ಲ ಸರಿ ಇದೆ" ಅನಿಸಬಹುದು. ಕಲಿಕೆಯ ತೊಂದರೆ ಮಾತ್ರ ಎರಡನೇ ಮೂರನೇ ಕ್ಲಾಸಿನಲ್ಲಿ ತಲೆ ಎತ್ತಬಹುದು. ಅದು ಮೊದಲು ಕಾಣುವುದು ಡಾಕ್ಟರಿಗಲ್ಲ, ಮಾಷ್ಟ್ರಿಗೆ! ಇನ್ನು, ಚಿತ್ರದಲ್ಲಿ ಏನೂ ಕಾಣದಿದ್ದರೂ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೂ ಇದ್ದಾರೆ.

ಮಾತಿನ ವಿಷಯ ಇನ್ನೂ ಸೋಜಿಗದ್ದು. ದೊಡ್ಡವರಿಗೆ ಎಡ ಮಿದುಳಿನಲ್ಲಿ ದೊಡ್ಡ ಸ್ಟ್ರೋಕ್ ಆದರೆ ಮಾತು ಬಿದ್ದುಹೋಗುವುದು ನಾವೆಲ್ಲ ಕಂಡದ್ದೇ. ಹುಟ್ಟಿನ ಹೊತ್ತಿನಲ್ಲೇ ಅಂಥ ಸ್ಟ್ರೋಕ್ ಆಗಿದ್ದವರನ್ನು ಅಮೆರಿಕದ ಎಲಿಸ್ಸಾ ನ್ಯೂಪೋರ್ಟ್ ಮತ್ತು ಸಂಗಡಿಗರು ಅವರು ಬೆಳೆದ ಮೇಲೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಅವರ ಭಾಷೆ ಬಲ ಮಿದುಳಿನಲ್ಲಿ, ಕನ್ನಡಿಯಲ್ಲಿ ಕಂಡಂತೆ ಅದೇ ಜಾಗಗಳಲ್ಲಿ ನೆಲೆಸಿತ್ತು. ವಾಕ್ಯ ಅರ್ಥಮಾಡಿಕೊಳ್ಳುವುದರಲ್ಲಿ ಕೊರತೆ ಇರಲಿಲ್ಲ. ಎರಡೂ ಬದಿಗೆ ಪೆಟ್ಟಾದವರಿಗೆ ಈ ಭಾಗ್ಯವಿಲ್ಲ ಅನ್ನುವುದನ್ನೂ ಹೇಳಲೇಬೇಕು.

ಹೀಗೆ ಹೊಸ ಜಾಗದಲ್ಲಿ ಬೇರೂರುವ ಭಾಷೆಗೆ ಮಾತಿನ ಮಳೆ ಬೇಕಲ್ಲವೇ? ನಮ್ಮ ಕಾಸರಗೋಡಿನಲ್ಲಿ ಪೋಷಕರಿಗೆ ಸಿಗುವ ಸಲಹೆ ಏನು ಗೊತ್ತೇ? "ಮನೆಯಲ್ಲಿ ಇನ್ನು ಮಲಯಾಳ ಒಂದೇ ಮಾತಾಡಿ." ತುಳುವಿನಲ್ಲಿ ಜೋಗುಳ ಹಾಡುವ, ಕನ್ನಡದಲ್ಲಿ ಗದರುವ ಅಮ್ಮ ಆವತ್ತಿನಿಂದ ತಡವರಿಸುತ್ತಾ ನಾಲ್ಕೇ ಶಬ್ದ ಆಡುತ್ತಾಳೆ. ಅಜ್ಜಿಯಂತೂ ಸುಮ್ಮನಾಗಿಬಿಡುತ್ತಾಳೆ. ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಎರಡು ಭಾಷೆ ಕೇಳಿದ್ದರಿಂದ ಮಾತು ಹಿಂದೆ ಬಿದ್ದದ್ದು ಕಂಡಿಲ್ಲ. ಮಿದುಳಿಗೆ ಪೆಟ್ಟಾದ ಮಗುವಿನ ಮನೆಭಾಷೆ ಕಸಿಯುವುದಕ್ಕೆ ಯಾವ ಆಧಾರ?

ಪರೀಕ್ಷೆಯೂ ಹಾಗೆಯೇ. ಕನ್ನಡ ಮಾತ್ರ ಬಲ್ಲ ನಾಲ್ಕು ವರ್ಷದ ಮಗುವಿಗೆ ಮಲಯಾಳದಲ್ಲಿ ಪ್ರಶ್ನೆ ಕೇಳಿ, ಉತ್ತರ ಬಾರದ್ದಕ್ಕೆ ಅಂಕ ಕಳೆದರೆ ಅದು ಮಿದುಳಿನ ಲೆಕ್ಕವೋ, ಗಡಿಯ ಲೆಕ್ಕವೋ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ದೃಢಪಟ್ಟ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಆ ಹತ್ತಿರದ ಶಾಲೆ ಕನ್ನಡ ಶಾಲೆ. ಹಾಗಿರುವಾಗ ಜಿಲ್ಲೆಗೆ ಕನ್ನಡ, ತುಳು ಬಲ್ಲ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನಾದರೂ ನೇಮಿಸಿ ಎಂದು ಕೇಳುವುದು ಭಾಷಾಭಿಮಾನದ ಗಲಾಟೆಯಲ್ಲ, ಚಿಕಿತ್ಸೆಯ ಭಾಗ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಮಂಗಳೂರು ಪಕ್ಕದಲ್ಲೇ ಇದೆ. ಕಲಿತವರು ಸಿಗದ ಊರೇನೂ ನಮ್ಮದಲ್ಲ. ಮುಂದಿನ ಪಿಟಿಎ ಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಜಿಲ್ಲಾ ವೈದ್ಯಾಧಿಕಾರಿಗೆ ಕಳಿಸಿ.