ಇಟಲಿಯಿಂದ ತರಬಹುದಾದ ಪರೀಕ್ಷೆ

ಇಟಲಿಯಲ್ಲಿ ಒಂದು ಸೆಮಿಸ್ಟರ್ ಓದಿ ಬಂದ ಗೆಳತಿಯನ್ನು ಎಲ್ಲರೂ ಕೇಳಿದ್ದು ರೋಮ್, ಪಿಜ್ಜಾಗಳ ಬಗ್ಗೆ. ಶಿಕ್ಷಕರಾಗುವ ನಾವು ಕೇಳಬೇಕಾದದ್ದು ಅಲ್ಲಿನ ಪರೀಕ್ಷೆಯ ಬಗ್ಗೆ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ವಿಷಯಗಳಿಗೆ ಮೌಖಿಕ ಪರೀಕ್ಷೆಯಿದೆ. ಅಂಕ 30ಕ್ಕೆ, ಪಾಸಾಗಲು 18. ಬಂದ ಅಂಕ ಬೇಡವೆನಿಸಿದರೆ ಸಾಮಾನ್ಯವಾಗಿ ಅದನ್ನು ಬಿಟ್ಟು ಮತ್ತೆ ಪರೀಕ್ಷೆಗೆ ಕೂರಬಹುದು. ಸಹಪಾಠಿಗಳು ಕುಳಿತು ಕೇಳಬಹುದಾದ್ದರಿಂದ ಪಕ್ಷಪಾತಕ್ಕೂ ಸ್ವಲ್ಪ ತಡೆ.

ವಿಶ್ವೇಶ್ವರಪುರಂನಲ್ಲಿ ನಾನು ಅಭ್ಯಾಸ ಬೋಧನೆ ಮಾಡಿದ 9ನೇ ತರಗತಿಯ ಮಕ್ಕಳು ಘಟಕ ಪರೀಕ್ಷೆಯಲ್ಲಿ ಜಡತ್ವದ ವ್ಯಾಖ್ಯೆಯನ್ನು ಒಂದಕ್ಷರ ಬಿಡದೆ ಬರೆದಿದ್ದರು. ಪೂರ್ತಿ ಅಂಕವೂ ಸಿಕ್ಕಿತು. ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿದಾಗ ನಾವೇಕೆ ಮುಂದಕ್ಕೆ ವಾಲುತ್ತೇವೆ ಎಂದು ಕೇಳಿದರೆ ಮೌನ.

ಪಾಠ ಯೋಜನೆಯ ‘ಮೌಲ್ಯಮಾಪನ’ ಕಾಲಂನಲ್ಲಿ ನಾವೂ ಪ್ರಶ್ನೆ ಬರೆಯುತ್ತೇವೆ. ಉತ್ತರಿಸುವವರು ಮುಂದಿನ ಬೆಂಚಿನ ಅದೇ ಮೂವರು. ವೀಕ್ಷಕರ ಷರಾ ‘ಚೆನ್ನಾಗಿದೆ’! 40 ನಿಮಿಷದಲ್ಲಿ ಎಲ್ಲರನ್ನೂ ಕೇಳಲಾಗದು, ನಿಜ. ದಿನಕ್ಕೆ ಮೂವರು ಹಿಂದಿನ ಬೆಂಚಿನವರನ್ನು ಕೇಳಬಹುದಲ್ಲ? ಮಾತಿಗೆ ಹೆದರುವ ಮಗುವನ್ನು ಮಾತ್ರ ಎಲ್ಲರೆದುರು ನಿಲ್ಲಿಸುವುದು ಬೇಡ, ಮೇಜಿನ ಬಳಿ ಕರೆದು ಕೇಳಿದರೆ ಸಾಕು. ಮುಂದಿನ ತಂಡದ ಘಟಕ ಪರೀಕ್ಷೆಯ 25 ಅಂಕಗಳಲ್ಲಿ 5 ಅಂಕಗಳನ್ನು ಮೌಖಿಕ ಉತ್ತರಕ್ಕೆ ಮೀಸಲಿಡಲು ನಮ್ಮ ಕಾಲೇಜು ಒಪ್ಪಬೇಕು.